ಫ್ಯಾಕ್ಟರಿಗೇ ವ್ಯಾನ್ ತಂದು ಮಾಡೋ ಹೆಲ್ತ್ ಚೆಕಪ್: ನನ್ ಕಡೆಯಿಂದ 5ಕ್ಕೆ 3 ಸ್ಟಾರ್

ಕುಮಟಾ ಹೊನ್ನಾವರ ಕಡೆ ಸಣ್ಣ ಫ್ಯಾಕ್ಟರಿ ಇಟ್ಕೊಂಡೋರು ಈ ವ್ಯಾನ್ ಚೆಕಪ್ ಕರೆಸೋಣ್ವಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಇದ್ರೆ ಓದ್ಕಳಿ. ನಮ್ದು ಗೇರುಬೀಜದ ಫ್ಯಾಕ್ಟರಿ, ನಾನು ಆಫೀಸಲ್ಲಿ ಲೆಕ್ಕ ಬರೆಯೋಳು, ಕೆಲ್ಸಕ್ಕೆ ಬರೋರು ಹೆಚ್ಚುಕಮ್ಮಿ ಎಲ್ಲಾ ಹೆಂಗಸ್ರೇ. ವ್ಯಾನಿನೋರ ಹೆಸ್ರು ಹಾಕೋದಿಲ್ಲ, ಈ ಬದಿಗೆ ಇಂಥ ಕೆಲ್ಸ ಮಾಡೋರೇ ಕಮ್ಮಿ, ಇರೋರ ಹೊಟ್ಟೆ ಮೇಲೆ ಹೊಡೆಯೋದು ಎಂತಕ್ಕೆ. ತಲೆಗೆ 350 ರೂಪಾಯಿ, ಮಾಲೀಕ್ರೇ ಕೊಟ್ರು. ಬಿಪಿ, ಶುಗರ್, ಹಿಮೋಗ್ಲೋಬಿನ್, ತೂಕ, ಕಣ್ಣು, ಕೊನೆಗೆ ಡಾಕ್ಟರ್ ಹತ್ರ ಎರಡು ಮಾತು.

ಟೆಸ್ಟ್ ಬಗ್ಗೆ ತಕರಾರಿಲ್ಲ. ಹೇಳಿದ ಟೈಮಿಗೆ ಬಂದ್ರು, ಸಂಜೆ ಒಳಗೆ ರಿಪೋರ್ಟ್ ಕೈಗೆ ಕೊಟ್ರು, ನರ್ಸ್ ಹುಡ್ಗಿಗೆ ಕೊಂಕಣಿನೂ ಬರ್ತಿತ್ತು. ಹೆಂಗಸ್ರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ರೆ ರಕ್ತ ಕಮ್ಮಿ ಅಂತ ಲೆಕ್ಕ, ನಮ್ಮ ಕಟಿಂಗ್ ಸೆಕ್ಷನ್ನಿನ ಒಬ್ರಿಗೆ 7ರ ಹತ್ರ ಬಂತು. ಅವ್ರು ವಯಸ್ಸಾಯ್ತು, ಸುಸ್ತು ಅಂತಲೇ ತಿಳ್ಕೊಂಡು ದಿನಾ ಮಷಿನ್ ತುಳೀತಾ ಇದ್ರು. ಮರುದಿನವೇ ತಾಲೂಕು ಆಸ್ಪತ್ರೆಗೆ ಕಳಿಸಿದ್ವಿ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯ್ತು ಅಂದ್ರೂ ತಪ್ಪಿಲ್ಲ. ನಮ್ಮ ಜಿಲ್ಲೆಲಿ ಸ್ವಲ್ಪ ದೊಡ್ಡ ಕಾಯಿಲೆ ಅಂದ್ರೆ ಮಣಿಪಾಲ್, ಮಂಗ್ಳೂರು, ಹುಬ್ಳಿ, ಇಲ್ಲಾ ಗೋವಾಕ್ಕೆ ಓಡ್ಬೇಕು, ಬೇಗ ಗೊತ್ತಾದಷ್ಟೂ ಒಳ್ಳೇದು.

ಆದ್ರೆ ಬಂದೋರಿಗೆ ತಾವು ಎಂಥಾ ಫ್ಯಾಕ್ಟರಿಗೆ ಬಂದಿದೀವಿ ಅನ್ನೋದೇ ಗೊತ್ತಿರ್ಲಿಲ್ಲ ಮಾರಾಯ್ರೆ. ಗೇರುಬೀಜದ ಚಿಪ್ಪಿನ ಸೊನೆ ಇದ್ಯಲ್ಲ, ಅದ್ರಲ್ಲಿರೋ ಅನಕಾರ್ಡಿಕ್ ಆಸಿಡ್ ಚರ್ಮ ಸುಡ್ತದೆ, ವರ್ಷಗಟ್ಲೆ ಕಟಿಂಗ್ ಮಾಡ್ದೋರ ಬೆರಳ ತುದಿ ಕಪ್ಪಾಗಿ ದಪ್ಪ ಆಗಿರ್ತದೆ. ಶುಗರಿಗೆ ಸೂಜಿ ಚುಚ್ಚಿದ್ರೆ ರಕ್ತನೇ ಬರ್ತಿಲ್ಲ, ಇನ್ನೊಂದ್ಸಲ, ಮತ್ತೊಂದ್ಸಲ. ಆಮೇಲೆ ಒಬ್ರು ಹಿರೇರು ತಾವೇ ಎಡಗೈ ಕಿರುಬೆರಳು ಪಕ್ಕಕ್ಕೆ ತಿರುಗ್ಸಿ "ಇಲ್ಲಿ ಚುಚ್ಚು ತಂಗಿ, ಇಲ್ಲಿ ಮೆತ್ತಗದೆ" ಅಂದ್ರು. ರೇಷನ್ ಅಂಗಡೀಲಿ ಥಂಬ್ ಹತ್ತದೇ ಒದ್ದಾಡೋರು ಇವ್ರೇ. ಇಷ್ಟೆಲ್ಲ ಕಣ್ಣೆದ್ರಿಗೇ ಇದ್ರೂ ಕೈಗೆ ಎಂತ ಹಚ್ತೀರಿ, ಗ್ಲೌಸ್ ಹಾಕಿದ್ರೆ ಕೆಲ್ಸ ಎಷ್ಟು ನಿಧಾನ ಆಗ್ತದೆ, ಭುಜ ನೋಯ್ತದಾ, ಒಂದು ಮಾತು ಕೇಳ್ಲಿಲ್ಲ. ಅವ್ರ ಫಾರ್ಮಲ್ಲಿ ಆ ಕಾಲಮ್ಮೇ ಇಲ್ಲ.

ಸಲಹೆ ಕೊಟ್ಟಿದ್ದು ಕೇಳಿ. ಹಣ್ಣು ತಿನ್ನಿ, ಬಾದಾಮಿ ಗೋಡಂಬಿ ದಿನಾ ನಾಲ್ಕು ತಿನ್ನಿ! ದಿನವಿಡೀ ಗೋಡಂಬಿ ಒಳಗೇ ಕೂತೋರಿಗೆ. ಪೀಲಿಂಗ್ ಸೆಕ್ಷನ್ ಪೂರ್ತಿ ನಕ್ತು, ಡಾಕ್ಟರಿಗೆ ಯಾಕೆ ಅಂತ ಅರ್ಥ ಆಗ್ಲಿಲ್ಲ. ನುಗ್ಗೆಸೊಪ್ಪು, ಹರಿವೆ, ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ಅಂದಿದ್ರೆ ಮನೆಗೆ ಹೋಗಿ ಮಾಡ್ಕೊಂಡು ತಿಂತಿದ್ರು. ಬಿಪಿ ಇರೋರಿಗೆ ಒಣಮೀನು, ಉಪ್ಪಿನಕಾಯಿ ಬಗ್ಗೆ ಹೇಳ್ಬೇಕಿತ್ತು, ಐರನ್ ಮಾತ್ರೆ ಚಾ ಜೊತೆ ತಗೋಬೇಡಿ ಅಂತಲೂ ಹೇಳ್ಬೇಕಿತ್ತು, ಅದೂ ಇಲ್ಲ. ಎಲೆ ಅಡಿಕೆ ತಂಬಾಕು ಹಾಕೋರು ಎಷ್ಟು ಜನ ಇದಾರೆ, ಬಾಯಿ ತೆರೆಸಿ ನೋಡ್ಲಿಲ್ಲ. ಸರ್ಕಾರಿ ಪಿಎಚ್‌ಸಿಲಿ 30 ದಾಟಿದೋರಿಗೆ ಬಿಪಿ ಶುಗರ್ ಜೊತೆ ಬಾಯಿ ಕ್ಯಾನ್ಸರ್ ತಪಾಸಣೆನೂ ಫ್ರೀ ಇದೆ, ಹಾಗಿದ್ಮೇಲೆ ದುಡ್ಡು ತಗೊಂಡೋರು ಬಿಡೋದು ಎಂಥದು.

ನಾನು ಎರಡು ಸ್ಟಾರ್ ಕಿತ್ಕೊಂಡಿದ್ದು ಮುಖ್ಯವಾಗಿ ಕ್ಯೂ ವಿಷ್ಯಕ್ಕೆ. ನಮ್ಮಲ್ಲಿ ಕೂಲಿ ಕೆಜಿ ಲೆಕ್ಕ. ಕ್ಯೂನಲ್ಲಿ ನಿಂತಷ್ಟು ಹೊತ್ತು ಬುಟ್ಟಿ ತುಂಬೋದಿಲ್ಲ, ಬುಟ್ಟಿ ತುಂಬ್ಲಿಲ್ಲ ಅಂದ್ರೆ ಶನಿವಾರ ಕೈಗೆ ಕಮ್ಮಿ. ಆಫೀಸಿನ ನಾವು ನಾಲ್ಕು ಜನ ಸಂಬಳದೋರು, ನಮ್ಗೆ ಚೆಕಪ್ ಅಂದ್ರೆ ಆರಾಮ್, ಅವ್ರಿಗೆ ಅದು ಕೂಲಿ ಕಡಿತ. ವ್ಯಾನಿನೋರು ಎಲ್ರನ್ನೂ ಒಟ್ಟಿಗೇ ಕರ್ದು ನಿಲ್ಸಿದ್ರು, ಅರ್ಧ ಜನ ಬಿಪಿ ಒಂದು ನೋಡ್ಸಿ ಸುಮ್ನೆ ಜಾಗಕ್ಕೆ ವಾಪಸ್ ಹೋಗಿ ಕೂತ್ರು. ನಾನು ಮಾಲೀಕ್ರ ಹತ್ರ ಹೇಳಿ ಆ ಹೊತ್ತಿಗೆ ಸರಾಸರಿ ಕೂಲಿ ಹಾಕ್ಸಿದ್ಮೇಲೇ ಉಳ್ದೋರು ಬಂದಿದ್ದು. ಇದು ವ್ಯಾನಿನೋರ ತಪ್ಪಲ್ಲ ಅಂತ ಕೆಲವ್ರು ಅಂತಾರೆ, ಸರಿ, ಆದ್ರೆ ಫ್ಯಾಕ್ಟರಿ ಚೆಕಪ್ಪೇ ನಿಮ್ಮ ಕಸುಬು ಅಂದ್ಮೇಲೆ ಕೂಲಿ ಹೇಗೆ ಅಂತ ಬುಕಿಂಗ್ ಟೈಮಲ್ಲೇ ಕೇಳ್ಬೇಕಲ್ವಾ?

ರಿಪೋರ್ಟ್ ಪೂರ್ತಿ ಇಂಗ್ಲಿಷು, ಎಲ್ಲಿಗೆ ತಗೊಂಡು ಹೋಗ್ಬೇಕು ಅಂತ ಇಲ್ಲ. ಇಎಸ್‌ಐ ಅಂದ್ರೆ ಕೆಲ್ಸಗಾರ್ರ ಸರ್ಕಾರಿ ವಿಮೆ, ಅದಕ್ಕೆ ಕೂಲಿಯಲ್ಲಿ ಶೇ. 0.75 ಈ ಹೆಂಗಸ್ರದ್ದೇ ಹೋಗ್ತದೆ, ಮಾಲೀಕ್ರದ್ದು ಶೇ. 3.25. ಕಾಯಿಲೆ ಬಿದ್ದು ರಜೆ ಹಾಕಿದ್ರೆ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದ ತನಕ ಸಿಗ್ತದೆ, ಅದಕ್ಕೆ ಇಷ್ಟು ದಿನದ ಕಂತು ಕಟ್ಟಿರ್ಬೇಕು ಅನ್ನೋ ಷರತ್ತಿದೆ ಅಷ್ಟೇ. ನಾನು ಹೇಳಿದ್ರೆ "ಹೌದ್ರಾ?" ಅಂತಾರೆ, ಕೋಟ್ ಹಾಕಿದೋರು ಹೇಳಿದ್ರೆ ನಂಬ್ತಾರೆ, ಅದಕ್ಕೇ ಅವ್ರ ಬಾಯಿಂದ ಬರ್ಬೇಕಿತ್ತು.

ಮುಂದಿನ ಸಲ ಇವ್ರನ್ನೇ ಕರೀತೀವಿ, ಟೆಸ್ಟ್ ಗಟ್ಟಿ ಇದೆ. ನೀವು ಕರೆಯೋದಾದ್ರೆ ಸೆಕ್ಷನ್ ಪ್ರಕಾರ ಹತ್ತತ್ತು ಜನ ಅಂತ ಮೊದ್ಲೇ ಹೇಳಿ, ಆ ಹೊತ್ತಿನ ಕೂಲಿ ಕಟ್ ಇಲ್ಲ ಅಂತ ಬೋರ್ಡ್ ಬರ್ದು ಹಾಕಿ, ರಿಪೋರ್ಟ್ ಕನ್ನಡದಲ್ಲಿ ಕೇಳಿ. ಕೇಳಿದ್ರೆ ಕೊಡ್ತಾರಂತೆ, ಎಕ್ಸ್‌ಟ್ರಾ ಚಾರ್ಜ್ ಇಲ್ಲ.