ಎಂಟು ಚಳಿಗಾಲ ಕಂಡ ನಮ್ಮ ಅಂಗಳದ ಹೈಡ್ರೆಂಟ್: 5ಕ್ಕೆ 4

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಊರಾಚೆ. ಬಾವಿ ನೀರು, ಚಿಕ್ಕ ತೋಟ, ಹತ್ತು ಕೋಳಿ. 2017ರಲ್ಲಿ ಕೋಳಿಗೂಡಿನ ಪಕ್ಕ ಈ ಯಾರ್ಡ್ ಹೈಡ್ರೆಂಟ್, ಅಂದರೆ ಚಳಿಗಾಲದಲ್ಲೂ ಹೆಪ್ಪುಗಟ್ಟದಂಥ ಅಂಗಳದ ನಲ್ಲಿ, ಹಾಕಿಸಿದೆವು. ನೋಡೋಕೆ ನಮ್ಮ ಕಡೆಯ ಬೋರ್‌ವೆಲ್ ಪಂಪಿನ ತಮ್ಮನಂತಿದೆ. ಅಮ್ಮ ಬಂದಾಗ ಹಿಡಿಯನ್ನು ನಾಲ್ಕು ಸಲ ಒತ್ತಿಯೂ ನೋಡಿದ್ದರು! ಒತ್ತುವುದು ಬೇಡ, ಒಮ್ಮೆ ಮೇಲಕ್ಕೆತ್ತಿದರೆ ನೀರು ಬರುತ್ತದೆ.

ಇದರ ವಾಲ್ವ್ ಇರುವುದು ನೆಲದಡಿ, ಆರು ಅಡಿ ಆಳದಲ್ಲಿ. ನಮ್ಮ ಅಂಗಳದಲ್ಲಿ ಅಷ್ಟು ಕೆಳಗೆ ಮಣ್ಣು ಹೆಪ್ಪುಗಟ್ಟುವುದಿಲ್ಲ. ಹಿಡಿ ಇಳಿಸಿದರೆ ವಾಲ್ವ್ ಮುಚ್ಚಿಕೊಂಡು, ಕೊಳವೆಯಲ್ಲಿ ಉಳಿದ ನೀರು ಬುಡದ ಸಣ್ಣ ತೂತಿನಿಂದ ಜಲ್ಲಿಗೆ ಬಸಿದುಹೋಗುತ್ತದೆ. 2019ರ ಜನವರಿ 30ರಂದು ನಮ್ಮದೇ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಇತ್ತು. ಅವತ್ತೂ ನಮ್ಮ ಕೋಳಿಗಳಿಗೆ ನೀರು ಸಿಕ್ಕಿತು. ನನ್ನ ಒದ್ದೆ ಗ್ಲೌಸ್ ಮಾತ್ರ ಹಿಡಿಗೇ ಅಂಟಿಕೊಂಡಿತು.

ಕೆಟ್ಟದ್ದು ನನ್ನ ಕೈಯಿಂದಲೇ. ಮರುವರ್ಷ ಮಗಳಿಗೆ ಸ್ಕೇಟಿಂಗ್ ಆಡಲು ಹಿತ್ತಲಲ್ಲಿ ನೀರು ಬಿಟ್ಟು ಐಸ್ ಮಾಡುತ್ತಿದ್ದೆ. ರಾತ್ರಿ ಹಿಡಿ ಇಳಿಸಿದೆ, ಹೋಸ್ ಬಿಚ್ಚಲಿಲ್ಲ. ಹೋಸ್ ಇದ್ದರೆ ಕೊಳವೆಗೆ ಗಾಳಿ ಹೋಗುವುದಿಲ್ಲ, ನೀರು ಇಳಿಯುವುದಿಲ್ಲ. ಬೆಳಗ್ಗೆ ಹಿಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜೋರು ಮಾಡಿದರೆ ಒಳಗಿನ ಸರಳು ಬಾಗುತ್ತದೆ ಎಂದು ಪಕ್ಕದ ಮನೆಯವರು ತಡೆದರು. ಟವೆಲ್ ಸುತ್ತಿ, ಬಿಸಿನೀರು ಹೊಯ್ದು ಹೊಯ್ದು ಎರಡು ಗಂಟೆ. ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತದೆ, ಆದರೂ ಕೊಳವೆ ಸೀಳಲಿಲ್ಲ. ಪುಣ್ಯ. ಈ ಹೋಸ್ ವಿಷಯ ಕೈಪಿಡಿಯ ಕೊನೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿದೆ! ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.

ಜಲ್ಲಿ ಹಾಕುವಾಗ ಎದುರು ನಿಂತು ನೋಡಿ. ನಮ್ಮದು ಜೇಡಿ ಮಣ್ಣು. ಹಾಕಿದವರು ಎರಡು ಬುಟ್ಟಿ ಜಲ್ಲಿ ಸುರಿದು ಕೈ ತೊಳೆದುಕೊಂಡಿದ್ದರು. ನೀರು ಬಸಿಯದೆ ಮತ್ತೆ ಅಗೆಸಬೇಕಾಯಿತು, ದುಡ್ಡು ದಂಡ. ಬಸಿಯುತ್ತಿದೆಯಾ ಅಂತ ತಿಳಿಯಲು ಹಿಡಿ ಇಳಿಸಿದ ಕೂಡಲೇ ನಲ್ಲಿಯ ಬಾಯಿಗೆ ಅಂಗೈ ಇಡಿ. ಒಳಕ್ಕೆ ಎಳೆದಂತಾದರೆ ಸರಿ ಇದೆ. ಗ್ಲೌಸ್ ತೆಗೆದೇ ನೋಡಬೇಕು, ಅದೇ ಕಷ್ಟ.

ಹಿಡಿಯನ್ನು ಅರ್ಧಕ್ಕೆ ಎತ್ತಿ ಬಿಡಬೇಡಿ. ಬುಡದ ತೂತಿನಿಂದ ನೀರು ಸುಮ್ನೆ ನೆಲಕ್ಕೆ ಹರಿಯುತ್ತಿರುತ್ತದೆ.

ಆರನೇ ವರ್ಷ ಮುಚ್ಚಿದ ಮೇಲೂ ತೊಟ್ಟಿಕ್ಕತೊಡಗಿತು. ಕೆಳಗೆ ವಾಲ್ವ್ ಮುಚ್ಚುವ ರಬ್ಬರ್ ಬಿರಡೆ, ಅಂದರೆ ಪ್ಲಂಜರ್, ಸವೆದಿತ್ತು. ಲೈನ್ ಬಂದ್ ಮಾಡಿ, ತಲೆ ಬಿಚ್ಚಿ, ಸರಳನ್ನು ಮೇಲಿನಿಂದಲೇ ಎಳೆದು ಬದಲಿಸಿದೆ. ಅಗೆಯುವ ಕೆಲಸವಿಲ್ಲ, ಅರ್ಧ ಗಂಟೆ ಸಾಕಾಯಿತು. ಇನ್ನೊಂದು ಪ್ಲಂಜರ್ ತಂದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ, ಹೋಸ್ ನೇತುಹಾಕುವ ಮೊಳೆಯ ಪಕ್ಕದಲ್ಲೇ.