ಎಂಟ್ರೆನ್ಸ್ ಇಲ್ದೆ ಆನ್‌ಲೈನ್ ಎಂಬಿಎ: ಈ ಕನ್ಸಲ್ಟೆನ್ಸಿಗೆ ಒಂದೇ ಸ್ಟಾರು
ಮಂಡ್ಯದಲ್ಲಿ ಒಂದು ಅಡ್ಮಿಷನ್ ಕನ್ಸಲ್ಟೆನ್ಸಿಗೆ ಹೋಗಿದ್ದೆ ಕಣ್ರೀ, ಹೆಸರು ಬೇಡ ಬಿಡಿ. ಎಂಟ್ರೆನ್ಸ್ ಇಲ್ಲ, ಒಂದೇ ವರ್ಷಕ್ಕೆ ಎಂಬಿಎ ಕೊಡಿಸ್ತೀವಿ, ಇವತ್ತೇ ಅಡ್ವಾನ್ಸ್ ಕಟ್ಟಿ ಅಂದ್ರು. ಎಂಬಿಎ ಎರಡು ವರ್ಷ ಅಲ್ವಾ ಸಾರ್ ಅಂದಿದ್ದಕ್ಕೆ ನಕ್ಕು ಕಾಫಿ ತರಿಸಿದ್ರು (ಕಾಫಿ ಚೆನ್ನಾಗಿತ್ತು, ಆ ಸ್ಟಾರು ಅದಕ್ಕೇ).

ಮನೆಗ್ ಬಂದು ನಾನೇ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿಯ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ ವೆಬ್‌ಸೈಟ್ ನೋಡ್ದೆ, ಬರೀ ಯೂನಿವರ್ಸಿಟಿ ಹೆಸರಿದ್ರೆ ಸಾಲ್ದು, ನಾವು ಸೇರೋ ಕೋರ್ಸೂ ಈ ವರ್ಷದ ಮಾನ್ಯತೆ ಲಿಸ್ಟಲ್ಲಿ ಇರ್ಬೇಕು, ಡೆಬ್ ಐಡೀನೂ (ಇಂಥ ಕೋರ್ಸ್ ಸೇರೋಕೆ ಬೇಕಾದ ಆ ಬ್ಯೂರೋದ ಸ್ಟೂಡೆಂಟ್ ನಂಬರು) ನಾವೇ ಮಾಡ್ಕೋಬೋದು, ಏಜೆಂಟ್ ಯಾಕೆ ಬೇಕು ಹೇಳಿ. ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿವಿ) ಎಂಬಿಎಗೆ ಎಂಟ್ರೆನ್ಸ್ ಇಲ್ಲ, ಡಿಗ್ರೀಲಿ 50% ಇದ್ರಾಯ್ತು, ರಿಸರ್ವೇಷನ್ ಇರೋರ್ಗೆ 45%. ನಮ್ ಕರ್ನಾಟಕದ ಮುಕ್ತ ವಿವಿ ಬೇಕಂದ್ರೆ ಮೈಸೂರು ಬಸ್ ಹತ್ತಿ ಅದರ ಕ್ಯಾಂಪಸ್ ಮುಕ್ತಗಂಗೋತ್ರೀಲೇ ಕೇಳ್ಕೊಂಡ್ ಬನ್ನಿ.