ಈರುಳ್ಳಿ ಬೇರಿನ ಪರೀಕ್ಷೆಗೆ ಸಿಗುವ ಕಿಟ್: ಬಣ್ಣ ಚೆನ್ನ, ಕೈಪಿಡಿ ಸಾಲದು

ಸಸ್ಯದ ರಸ ಕೋಶ ವಿಭಜನೆಯನ್ನು ತಡೆಯುತ್ತದೆಯೇ ಎಂದು ಈರುಳ್ಳಿ ಬೇರುತುದಿಯಲ್ಲಿ ನೋಡುವ ಕಿಟ್ ಇದು. ಮಡಿಕೇರಿ, ವಿರಾಜಪೇಟೆ ಕಡೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆ ತರಿಸಲು ಯೋಗ್ಯವೇ? ಅರ್ಧ ಯೋಗ್ಯ.

ಇದರಲ್ಲಿರುವ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣಕ್ಕೆ ಪೂರ್ತಿ ಅಂಕ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇಟ್ಟ ಬೇರನ್ನು 60 ಡಿಗ್ರಿಯ 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ, ಆಮೇಲೆ ಈ ಬಣ್ಣ ಹಾಕಿದರೆ ವರ್ಣತಂತುಗಳು ಕೆಂಪಗೆ ಎದ್ದು ಕಾಣುತ್ತವೆ. ಆಮ್ಲದಲ್ಲಿಡುವ ಹೊತ್ತು ಕಮ್ಮಿಯಾದರೆ ಕೋಶಗಳು ಒಂದರ ಮೇಲೊಂದು ಕೂರುತ್ತವೆ, ಹೆಚ್ಚಾದರೆ ಬೇರು ಕಲಸಿಹೋಗುತ್ತದೆ. ಹಿಸುಕಬೇಕಾದ್ದು ತುದಿಯ 2 ಮಿಲಿಮೀಟರ್ ಮಾತ್ರ.

ಎಡವಟ್ಟು ಕೈಪಿಡಿಯಲ್ಲಿದೆ. ಸಾವಿರ ಕೋಶ ಎಣಿಸಿ, ವಿಭಜನೆಯಲ್ಲಿರುವವು ಶೇಕಡಾ ಎಷ್ಟೆಂದು ಬರೆದು, ಅದು ಇಳಿದರೆ 'ತಡೆಯುತ್ತದೆ' ಅನ್ನಿ ಎನ್ನುತ್ತದೆ. ಇಲ್ಲಿ ಹುಡುಗರು ಮೊದಲು ತರುವುದೇ ಕಾಚಂಪುಳಿ, ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿರಸ. ಅದರ ಹುಳಿಗೇ ಬೇರು ಸಾಯುತ್ತದೆ, ಶೇಕಡಾವಾರು ನೆಲಕಚ್ಚುತ್ತದೆ, ವರದಿಯಲ್ಲಿ ಔಷಧಿ ಹುಟ್ಟುತ್ತದೆ! ನೀರು ಬೆರೆಸಿ ತೆಳುವಾಗಿಸಿದ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ ರಸದ ಪಿಎಚ್ (ಹುಳಿಯ ಅಳತೆ) ಅನ್ನು 6.5–7ಕ್ಕೆ ತರಬೇಕು. ಜೊತೆಗೆ ಕಾಚಂಪುಳಿಯಷ್ಟೇ ಹುಳಿಯಾದ ಸಿಟ್ರಿಕ್ ಆಮ್ಲದ ನೀರಿನಲ್ಲಿ ಇನ್ನೊಂದು ಗಡ್ಡೆ ಇಡಬೇಕು. ಅದರಲ್ಲೂ ಬೇರು ಸತ್ತರೆ ಕೆಲಸ ಹುಳಿಯದು. ಇಷ್ಟಕ್ಕೂ ಕಿಟ್‌ನಲ್ಲಿ ಪಿಎಚ್ ಅಳೆಯುವ ಕಾಗದದ ಪಟ್ಟಿಯೇ ಇಲ್ಲ.

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಸಿಕ್ಕಿಸುವ ತೋಕ್‌ಪೂವಿನದು (ಗೌರಿ ಹೂವು) ತದ್ವಿರುದ್ಧ ಕಥೆ. ಅದರ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಟ್ಯುಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಕದಿರಿನ ಎಳೆ ಕಟ್ಟಲು ಬಿಡುವುದಿಲ್ಲ. ಕೋಶಗಳು ವಿಭಜನೆಯ ನಡುವಿನ ಹಂತವಾದ ಮೆಟಾಫೇಸ್‌ನಲ್ಲೇ ಜಮಾಯಿಸುವುದರಿಂದ ಶೇಕಡಾವಾರು ಏರಲೂಬಹುದು. ಹಂತಹಂತವಾಗಿ ಬೇರೆಬೇರೆ ಎಣಿಸದಿದ್ದರೆ ಅಪ್ಪಟ ತಡೆಗಾರನೇ ಕೈತಪ್ಪುತ್ತಾನೆ. ಕಾಫಿಯ ಕೆಫೀನ್ ನ್ಯೂಕ್ಲಿಯಸ್ ಎರಡಾಗುವುದನ್ನು ತಡೆಯದೆ, ಆಮೇಲೆ ಕೋಶದ ನಡುಗೋಡೆ ಕಟ್ಟುವುದನ್ನು ಕೆಡಿಸುತ್ತದೆ. ಎರಡು ನ್ಯೂಕ್ಲಿಯಸ್‌ನ ಕೋಶಗಳನ್ನು ಹುಡುಕಿ ನೋಡಿ.

ಮಳೆಗಾಲದಲ್ಲಿ ಗಡ್ಡೆಯ ಬುಡ ಮಾತ್ರ ನೀರಿಗೆ ತಾಗಲಿ, ನೀರು ದಿನಾ ಬದಲಿಸಿ. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ಹಳೆ ಬೇರು ಕೆರೆಯುವಾಗ ಸುತ್ತಿನ ಬೇರುಮೊಳಕೆಗೆ ಬ್ಲೇಡ್ ತಾಗಬಾರದು. ಚಳಿಗೆ ವಿಭಜನೆ ತಾನಾಗಿಯೇ ನಿಧಾನವಾಗುವುದರಿಂದ ಅದೇ ದಿನ, ಅದೇ ಕೋಣೆಯ ಬರಿನೀರಿನ ಗಡ್ಡೆಗಳ ಜೊತೆಗಷ್ಟೇ ಹೋಲಿಸಿ.

ಹೋಲಿಕೆಗೆಂದು ಕೊಟ್ಟಿರುವ ಕಾಲ್ಚಿಸಿನ್ ವಿಷ, ಆದರೂ ಕೈಗವಸು ಕೊಟ್ಟಿಲ್ಲ. ಬಣ್ಣದ ಬಾಟಲಿ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಂಡು, ಉಳಿದ ದುಡ್ಡಿಗೆ ಕೈಗವಸು, ಪಿಎಚ್ ಪಟ್ಟಿ ತರಿಸಿ.